ಹೆಬ್ಬೆರಳಿನ ಗುಳಿ

ದೊಡ್ಡ ಸಿಸ್ಟರ್ ಅವರ ಬಲಗೈ ಹೆಬ್ಬೆರಳು ಅಗಲವಾಗಿತ್ತು, ಉಗುರನ್ನು ಸದಾ ಬುಡದವರೆಗೆ ಕತ್ತರಿಸಿರುತ್ತಿದ್ದರು. ಬಸುರಿ ಹೆಂಗಸು ಬಂದು ಕೂತ ಕೂಡಲೇ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ಬಾವು ಇದೆಯೇ ಎಂದು ನೋಡಲು ಅವಳ ಕಾಲಿನ ಮೇಲೆ ಆ ಬೆರಳನ್ನು ಒತ್ತಿ ಹಿಡಿಯುವರು. ಬೆರಳು ತೆಗೆದಾಗ ಬಿದ್ದ ಗುಳಿ ತುಂಬಿಕೊಂಡರೆ ನಗುವರು. ತುಂಬಿಕೊಳ್ಳದಿದ್ದರೂ ನಗುವರು. ಆದರೆ ಆಗ ಅವರ ಕಣ್ಣು ಗುಳಿ ಬಿಟ್ಟು ಕದಲುತ್ತಿರಲಿಲ್ಲ.

ದುಂಡಸಿಯಿಂದಾಚೆ ಒಂದು ಹಳ್ಳಿಯ ಉಪಕೇಂದ್ರಕ್ಕೆ ನಾನು ಹೊಸ ನರ್ಸಾಗಿ ಹೋದಾಗ ಅಲ್ಲಿ ಅವರೇ ಹಿರಿಯರು. ನನ್ನ ಬಾಯಿ ಆಗ ಬಲು ಜೋರು. ಬೈದರೇ ಜನ ಕಲಿಯುವುದು ಎಂದು ನಂಬಿದ್ದೆ. ಅವರೋ, ಕಬ್ಬಿಣಾಂಶದ ಗುಳಿಗೆಗಳನ್ನು ಅರ್ಧಕ್ಕೇ ಬಿಟ್ಟು ಬಂದವಳಿಗೂ, "ಅರ್ಧಾ ನುಂಗೀಯಲ್ಲ, ಶಾಣ್ಯಾಕಿ! ಉಳದದ್ದೂ ನುಂಗ್ತಿ ತಗೋ" ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಹಿಂಗ ಮುದ್ದು ಮಾಡಿದ್ರ ತಲಿ ಮ್ಯಾಲೆ ಕುಂಡ್ರತಾರ್ರಿ."

"ಕುಂಡ್ರಲಿ ಬಿಡು. ಬಂದ್ರ ಸಾಕು."

ಗುರುವಾರ ಬಸುರಿಯರ ತಪಾಸಣೆಯ ದಿನ. ಒಂದು ಗುರುವಾರ ಅವರು ಶಿಗ್ಗಾವಿಗೆ ಮೀಟಿಂಗಿಗೆ ಹೋಗಿದ್ದರು. ಚೊಚ್ಚಲ ಬಸುರಿಯೊಬ್ಬಳು ಎರಡು ತಪಾಸಣೆ ತಪ್ಪಿಸಿ ಬಂದಳು. ನಾನು ಅವಳ ತಪಾಸಣೆ ಕಾರ್ಡನ್ನು ಮೇಜಿಗೆ ಬಡಿದು, ಎಲ್ಲ ಹೆಂಗಸರ ಮುಂದೆ, "ದನಕ್ಕಿರೂ ಬುದ್ಧೀನೂ ನಿನಗಿಲ್ಲಲ್ಲ! ಕೂಸಿಗೆ ಏನರ ಆದ್ರ ನೀನ ಹೊಣಿ" ಎಂದೆ. ಅವಳು ತಲೆ ತಗ್ಗಿಸಿ ಹೋದಳು. ಮುಂದಿನ ಎರಡು ಗುರುವಾರ ಬರಲೇ ಇಲ್ಲ.

ದೊಡ್ಡ ಸಿಸ್ಟರ್ ರಿಜಿಸ್ಟರ್ ನೋಡುತ್ತಿದ್ದವರು ಥಟ್ಟನೆ ಎದ್ದರು. "ಈಕಿಗೆ ಯಾರ ಬೈದ್ರು?" ನಾನು ಮೇಜಿನ ಮೇಲಿನ ಕಾರ್ಡುಗಳನ್ನು ಜೋಡಿಸತೊಡಗಿದೆ. "ನಡಿ" ಎಂದರು, ಅಷ್ಟೆ.

ಆ ಮನೆಯ ಬಾಗಿಲು ಹಾಡುಹಗಲೇ ಮುಚ್ಚಿತ್ತು. ತೆಗೆದ ಅತ್ತೆ, "ತಲಿ ಒಡ್ಯಾಕತ್ತೈತಂತ್ರಿ. ಬೆಳಕು ಕಣ್ಣಿಗೆ ಚುಚ್ಚತೈತಂತ" ಎಂದಳು. ಒಳಗೆ ಮಲಗಿದ್ದವಳು ನನ್ನನ್ನು ಕಂಡದ್ದೇ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು.

"ಬೈಬ್ಯಾಡ್ರಿ. ಬರೂ ಗುರುವಾರ ಬರ್ತೇನ್ರಿ."

"ಯಾರೂ ಬೈಯಾಂಗಿಲ್ಲ ನಮ್ಮವ್ವ. ಇಷ್ಟ ದಿನ ತಡಕೊಂಡೀಯಲ್ಲ, ಗಟ್ಟಿಗಿತ್ತಿ ನೀ" ಎನ್ನುತ್ತ ದೊಡ್ಡ ಸಿಸ್ಟರ್ ನೆಲಕ್ಕೆ ಕೂತು ಹೆಬ್ಬೆರಳು ಒತ್ತಿದರು. ಗುಳಿ ಬಿತ್ತು. ತುಂಬಿಕೊಳ್ಳಲಿಲ್ಲ. ನಾನು ಬಿಪಿ ನೋಡಿದೆ, ವಿಪರೀತ ಏರಿತ್ತು. ಅವರು ನಗುತ್ತಲೇ, ನನ್ನತ್ತ ತಿರುಗದೆ, "ಆಂಬುಲೆನ್ಸಿಗೆ ಫೋನ್ ಹಚ್ಚು" ಎಂದರು.

ದಾರಿಯುದ್ದಕ್ಕೂ ಅವಳ ಕೈ ಅವರ ಕೈಯಲ್ಲಿತ್ತು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

ನಾನು ಬೈಗುಳಕ್ಕೆ ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ಅವರು ಚಹಾ ಕೊಡಿಸಿ, "ನಿನ್ನ ಕೈ ಚಲೋ ಐತಿ. ನಾಳೆಯಿಂದ ಆಕೀನ್ನ ನೀನ ನೋಡ್ಕೋ" ಎಂದರು. ಮರುದಿನ ವಾರ್ಡಿಗೆ ಹೋದಾಗ, ನನ್ನನ್ನು ಕಂಡು ಅವಳು ಮತ್ತೆ ಪಾದ ಎಳೆದುಕೊಂಡಳು. ಆ ನೋಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹೋದ ವರ್ಷ, ನಿವೃತ್ತರಾಗಿ ಹಾನಗಲ್ಲಿನಲ್ಲಿದ್ದ ದೊಡ್ಡ ಸಿಸ್ಟರ್ ಅವರ ಕಿಡ್ನಿಗಳು ಕೈಕೊಟ್ಟವು. ನಾನಿನ್ನೂ ಅದೇ ಉಪಕೇಂದ್ರದಲ್ಲಿದ್ದೆ. ನೋಡಲು ಹೋದವಳು ಅಭ್ಯಾಸಬಲದಿಂದ ಅವರ ಕಾಲಿಗೆ ಹೆಬ್ಬೆರಳು ಒತ್ತಿದೆ. ಗುಳಿ ಹಾಗೇ ಉಳಿಯಿತು. ನಾನು ನಕ್ಕೆ. ಅವರಿಗೆ ಎಲ್ಲ ತಿಳಿಯಿತು.

"ಗುರುವಾರ ಎಲ್ಲಾರೂ ಬಂದಿದ್ರೇನು?" ಎಂದು ಕೇಳಿದರು.

"ಎಲ್ಲಾರೂ ಬಂದಿದ್ರು" ಎಂದೆ. ಒಬ್ಬಳು ಬಂದಿರಲಿಲ್ಲ.

ಎರಡು ದಿನದಲ್ಲಿ ಅವರು ತೀರಿಕೊಂಡರು. ಮಣ್ಣು ಮುಗಿಸಿಕೊಂಡು ಬಸ್ಸಿಳಿದವಳು ನನ್ನ ಮನೆಗೆ ಹೋಗಲಿಲ್ಲ, ನೇರವಾಗಿ ಆ ಒಬ್ಬಳ ಮನೆಗೆ ನಡೆದೆ. ಬಾಗಿಲು ಹಾಡುಹಗಲೇ ಮುಚ್ಚಿತ್ತು. ಚಿಲಕ ಬಡಿದೆ. ಒಳಗಿನಿಂದ ಸದ್ದಿಲ್ಲ.

"ಯಾರೂ ಬೈಯಾಂಗಿಲ್ಲ ನಮ್ಮವ್ವ" ಎಂದೆ. "ಬಾಗಲಾ ತಗಿ."