ಒಂದೇ ಯಂತ್ರ ಮುಗಿಸಿದ ಲೆಕ್ಕ

ಯಂತ್ರ ಹೇಳಿದಷ್ಟನ್ನು ಮಾಡುತ್ತದೆ, ಅದಕ್ಕಿಂತ ಹೆಚ್ಚಿನದೇನೂ ಅದರಲ್ಲಿಲ್ಲ ಎಂದೇ ನಂಬಿದ್ದೆ. ಗಣಕಕ್ಕೆ ಕುಂಕುಮ ಹಚ್ಚುವವರನ್ನು ಕಂಡು ನಗುತ್ತಿದ್ದೆ. ಈಗ ನಗುವ ಮುಖ ನನಗಿಲ್ಲ.

ಹೈದರಾಬಾದಿನಲ್ಲಿ ಐಟಿಯ ಸುಗ್ಗಿ ಶುರುವಾಗಿದ್ದ ಕಾಲ. ಮೆಟ್ರಿಕ್ ಓದಿದ ನಾನು ನಾರಾಯಣಗೂಡದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಆಪರೇಟರ್. ಅಲ್ಲಿ ಒಂದಕ್ಕೊಂದು ಜೋಡಿಸಿದ ಮೂವತ್ತೆರಡು ಗಣಕಗಳಿದ್ದವು. ಯಾರ ಪ್ರೋಗ್ರಾಮಿಗೆ ಎಷ್ಟು ಯಂತ್ರ ಎಂದು ಹಂಚುವುದು ನನ್ನ ಕೆಲಸ. ಹೆಚ್ಚಿನ ಪ್ರೋಗ್ರಾಮುಗಳು ಓಡುತ್ತಿರುವಾಗ ಒಂದು ಯಂತ್ರ ಕಿತ್ತುಕೊಂಡರೂ ಸಾಯುತ್ತಿದ್ದವು. ಅಲ್ಲಿನ ಸಂಶೋಧಕಿ, ಧಾರವಾಡ ಕಡೆಯ ಸುಮಂಗಲಾ ಬರೆದದ್ದು ಹಾಗಲ್ಲ. ಇಪ್ಪತ್ತು ಕೊಟ್ಟರೆ ಇಪ್ಪತ್ತರಲ್ಲಿ ಹರಡಿಕೊಳ್ಳುತ್ತಿತ್ತು, ಕಿತ್ತುಕೊಂಡರೆ ಎರಡರಲ್ಲೇ ಮುದುಡಿಕೊಂಡು ದುಡಿಯುತ್ತಿತ್ತು. ಆದ್ದರಿಂದ ಯಾರಿಗೆ ಯಂತ್ರ ಬೇಕಾದರೂ ಅವಳದನ್ನೇ ಕಸಿಯುವುದು ನಮ್ಮ ರೂಢಿ. ಎಂಥ ನ್ಯಾಯ ನೋಡಿ!

ಆ ದಿನ ನಾಲ್ಕು ಗಂಟೆಯ ಸಭೆಯಲ್ಲಿ ಭೀಮಾ ನದಿಯ ನೆರೆಯ ಲೆಕ್ಕ ತೋರಿಸದಿದ್ದರೆ ಅವಳ ನೌಕರಿ ಹೋಗುತ್ತಿತ್ತು. ಬೆಳಿಗ್ಗೆ ದೊಡ್ಡ ಸಾಹೇಬರು ಮೂವತ್ತೊಂದು ಯಂತ್ರ ಕೇಳಿದರು. ಅರ್ಧ ಸುಮ್ಮನೆ ಕೂಡುತ್ತವೆಂದು ಗೊತ್ತಿದ್ದೂ ಕೊಟ್ಟೆ. ಸುಮಂಗಲಾ ಓಡಿಬಂದಳು.

“ಕಾಕಾ, ಒಂದ ಮಷೀನ್ ಉಳಿಸೀರಲ್ರಿ! ಇವತ್ತರೆ ಬಿಡಬಾರದೇನ್ರಿ?”

“ನಿಂದು ಭಾಳ ಶಾಣ್ಯಾ ಐತಿ ತಂಗಿ, ಹೊಂದಿಕೊಂಡು ಹೋಗತೈತಿ.”

“ಹೊಂದಿಕೊಳ್ಳಾವ್ರನ್ನ ದಿನಾ ಹಿಂಡೂದೇನ್ರಿ? ನಾನೂ ಹಟಮಾರಿದ್ದನ್ನ ಬರೀಬೇಕಿತ್ತು ಬಿಡ್ರಿ.”

ಮಧ್ಯಾಹ್ನ ಊಟಕ್ಕೆ ಹೋದೆ. ಒಂದೇ ಯಂತ್ರದಲ್ಲಿ ಅದು ಮುಗಿಯಲು ಇನ್ನೂ ಮೂರು ದಿನ ಬೇಕಿತ್ತು. ಬುತ್ತಿ ತಿಂದು ಬಂದು ನೋಡಿದರೆ ಲೆಕ್ಕ ಪೂರ್ತಿ ಮುಗಿದಿತ್ತು! ಹಳ್ಳಿ ಹಳ್ಳಿಗೂ ನೀರಿನ ಮಟ್ಟ ಬಂದಿತ್ತು. ದಾಖಲೆಯಲ್ಲಿ ಬೆಳಿಗ್ಗೆಯಿಂದ ಒಂದೇ ಯಂತ್ರ. ಉಳಿದ ಮೂವತ್ತೊಂದೂ ಸಾಹೇಬರ ಹೆಸರಿನಲ್ಲೇ ಇದ್ದವು.

ಬಾಗಿಲಲ್ಲಿ ಸಾಹೇಬರು ನಿಂತಿದ್ದರು. “ಕ್ಯಾ ರೇ, ಆ ಹುಡುಗಿಯ ಕೆಲಸ ಮುಗಿಯಿತೇನು? ನಮ್ಮ ಮಷೀನು ಕೊಟ್ಟೆಯಾ?”

“ಇಲ್ಲ ಸಾಬ್, ಅದು ಮುಗಿದೇ ಇಲ್ಲ” ಎಂದೆ. ಒಂದೇ ಯಂತ್ರದಲ್ಲಿ ಮುಗಿಯಿತೆಂದರೆ ಅವರು ನಂಬುತ್ತಿರಲಿಲ್ಲ, ನನ್ನ ನೌಕರಿಯೇ ಹೋಗುತ್ತಿತ್ತು. ಅವರು ಆಚೆ ಹೋದ ಕೂಡಲೇ, ನನ್ನ ಸುಳ್ಳು ನಿಜವಾಗಲೆಂದು, ಸುಮಂಗಲಾ ನೋಡುವ ಮೊದಲೇ ಆ ಲೆಕ್ಕವನ್ನೆಲ್ಲ ಅಳಿಸಿಬಿಟ್ಟೆ. ಹೇಡಿ! ಸುಮಂಗಲಾ ಬರಿಗೈಯಲ್ಲಿ ಸಭೆಗೆ ಹೋದಳು. ಮರುದಿನ ಅವಳ ಕುರ್ಚಿಯಲ್ಲಿ ಬೇರೊಬ್ಬರಿದ್ದರು.

ಆಮೇಲೆ ತಿಳಿದವರನ್ನು ಎಷ್ಟೋ ಸಲ ಕೇಳಿದ್ದೇನೆ. “ಅದು ಆಗೋ ಮಾತೇ ಅಲ್ರಿ, ನೀವು ತಪ್ಪು ಓದಿರಬೇಕು” ಎನ್ನುತ್ತಾರೆ. ಹಾಗಿದ್ದರೆ ನಾನು ಅಳಿಸಿದ್ದು ಬರೀ ಕಸ, ನನ್ನ ಪಾಪವೂ ಅಷ್ಟು ಹಗುರ. ನಂಬಲು ಎಷ್ಟು ಆಸೆಯೋ! ಆದರೆ ಅಳಿಸುವ ಮೊದಲು ನಾನದನ್ನು ಮೂರು ಸಲ ಓದಿದ್ದೆ.