ಅಕ್ಕನ ಮೆತ್ತನೆಯ ಅಂಗೈ

ಮಗಳ ಗಿಟಾರಿಗೆ ಹೊಸ ಕುತ್ತಿಗೆ ಹಾಕಿಸಿಕೊಂಡು ಬಂದೆ. ಚೀಲ ತೆರೆದರೆ ಬೀಟೆಮರದ ಪುಡಿಯ ವಾಸನೆ. ಸುರಪುರದಲ್ಲಿದ್ದ ಅಪ್ಪನ ಅಂಗಡಿ ನೆನಪಾಯಿತು.

ಅಪ್ಪ ಬ್ಯಾಂಡಿನವರ ಗಿಟಾರುಗಳ ಕುತ್ತಿಗೆಯ ಮೇಲೆ ಅಡ್ಡಡ್ಡ ಕೂತ ಸವೆದ ಲೋಹದ ಫ್ರೆಟ್ ಪಟ್ಟಿಗಳನ್ನು ಕಿತ್ತು ಹೊಸವನ್ನು ಕೂರಿಸುತ್ತಿದ್ದ. ದಿನವಿಡೀ ಪಾಲಿಶ್ ಪೇಪರ್ ಉಜ್ಜುತ್ತಿದ್ದವಳು ನಾನು. ಕೊನೆಗೆ ಪಟ್ಟಿಗಳ ತುದಿ ಕೈಗೆ ಚುಚ್ಚುತ್ತದೆಯೇ ಎಂದು ನೋಡಲು ಅವನಿಗೆ ಬೇಕಾಗುತ್ತಿದ್ದವಳು ಮಾತ್ರ ಅಕ್ಕ.

"ನಿನ್ನ ಕೈ ಒರಟಾಗೈತಿ, ಪಟ್ಟಿ ಚುಚ್ಚಿದ್ದು ತಿಳಿಯಂಗಿಲ್ಲ. ಅಕ್ಕನ್ನ ಕರಿ."

ಪುಸ್ತಕ ಬಿಟ್ಟು ಬೇರೇನೂ ಮುಟ್ಟದ ಅಕ್ಕ ಬಂದು, ಕುತ್ತಿಗೆಯ ಅಂಚಿಗೆ ಅಂಗೈ ಸವರಿ, "ಇಲ್ಲಿ ಚುಚ್ಚತೈತಿ ನೋಡಪ್ಪಾ" ಎನ್ನುತ್ತಿದ್ದಳು. ಅಪ್ಪ ಅಲ್ಲಿ ಅರ ಆಡಿಸುತ್ತಿದ್ದ.

ಒಮ್ಮೆ ನಾನು ಅಂಗೈಗೆ ಬೆಣ್ಣೆ ತಿಕ್ಕಿಕೊಂಡು, ಅವಳಿಗಿಂತ ಮೊದಲೇ ಸವರಿದೆ. ಹೊಸ ಮರದ ಮೇಲೆ ಐದೂ ಬೆರಳಿನ ಕಲೆ ಕೂತಿತು. ಅಪ್ಪ ಬೈದ. ಅಕ್ಕ ನಕ್ಕಳು. ಇದನ್ನೆಲ್ಲ ಮಗಳಿಗೆ ಹೇಳಿದೆ.

"ಎವ್ವಾ, ನಾಳೆ ದೊಡ್ಡವ್ವ ಬರ್ತಾಳಲ್ಲ, ಆಕಿ ಕೈಲೆ ನೋಡಸೋಣು," ಎಂದಳು ಮಗಳು.

ನಾನು ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ.