ನೀಲಿ ಬಿಂದಿಗೆಗೆ ಹೋದ ಆಮೆ

ಎಚ್.ಡಿ. ಕೋಟೆ ಕಡೆ ಕಾಡಿನಂಚಿನ ಕುರುಚಲಲ್ಲಿ ಬೇಲಿ ಹಾಕಿದ ಒಂದು ಜಾಗವಿದೆ. ನನ್ನ ಬೆಳಗುಗಳೆಲ್ಲ ಅಲ್ಲೇ ಕರಗುತ್ತವೆ. ಹುಲ್ಲಿನ ಮೇಲೆ ಮಂಜು ಇನ್ನೂ ಕುಳಿತಿರುವಾಗ ದಾಸವಾಳದ ಹೂವು, ಪಾಪಸುಕಳ್ಳಿಯ ತುಂಡು ಹಿಡಿದು ಒಳಗೆ ಹೋಗಿ ಸುಮ್ಮನೆ ಕೂರುತ್ತೇನೆ. ಸ್ವಲ್ಪ ಹೊತ್ತಿಗೆ ಪೊದೆಯ ಬುಡದ ಕಲ್ಲುಗಳು ಒಂದೊಂದಾಗಿ ನಡೆಯತೊಡಗುತ್ತವೆ. ಅವು ನಕ್ಷತ್ರ ಆಮೆಗಳು. ಆ ಹೊತ್ತಿನಲ್ಲಿ ನನಗೆ ನನ್ನ ವಯಸ್ಸೇ ಮರೆತುಹೋಗುತ್ತದೆ.

ಈ ಆಮೆಗಳು ನನಗಿಂತ ಹೆಚ್ಚು ದೇಶ ಸುತ್ತಿವೆ. ಯಾರೋ ಇವನ್ನು ಕಾಲುಚೀಲಗಳಲ್ಲಿ ತುರುಕಿ ಸೂಟ್‌ಕೇಸಿನಲ್ಲಿಟ್ಟು ಸಾಗಿಸುತ್ತಿದ್ದಾಗ ದೂರದ ಒಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವು. ಎರಡು ದೇಶಗಳ ಅಧಿಕಾರಿಗಳು ತಿಂಗಳುಗಟ್ಟಲೆ ಒಬ್ಬರಿಗೊಬ್ಬರು ಪತ್ರ ಬರೆದರು. ಮೂರನೆಯ ದೇಶದ ಸಂಸ್ಥೆಯೊಂದು ಬೇಲಿಗೂ ಮೇವಿಗೂ ನನ್ನ ಸಂಬಳಕ್ಕೂ ದುಡ್ಡು ಕೊಟ್ಟಿತು. ಅಂತೂ ವಾಪಸು ಬಂದವು. ‘ನನ್ನನ್ನು ಹುಣಸೂರು ಬಸ್ ಸ್ಟ್ಯಾಂಡ್ ದಾಟಿಸಲೂ ಯಾರೂ ಪತ್ರ ಬರೆದವರಿಲ್ಲ’ ಎಂದು ಅವನ್ನು ಆಗಾಗ ರೇಗಿಸುತ್ತೇನೆ. ಅವು ತಮ್ಮ ಪಾಡಿಗೆ ಹೂವು ತಿನ್ನುತ್ತವೆ.

ಹೊಸದಾಗಿ ಬಂದ ಪ್ರತಿಯೊಂದನ್ನೂ ಎತ್ತಿ ಚಿಪ್ಪಿನ ಎಡ ಅಂಚು ನೋಡುವುದು ನನ್ನ ಚಾಳಿ. ಕುಡುಗೋಲು ತಾಗಿದ ಗುರುತಿದೆಯೇ ಎಂದು ಹುಡುಕುತ್ತೇನೆ. ಯಾಕೆಂದು ಯಾರಿಗೂ ಹೇಳಿರಲಿಲ್ಲ.

ರಾವಂದೂರಿನ ಹತ್ತಿರ ನಮ್ಮೂರು. ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಅವ್ವ ಹುರುಳಿ ಕೊಯ್ಯುತ್ತ ಇಂಥದೇ ಆಮೆಯೊಂದಕ್ಕೆ ಕುಡುಗೋಲು ತಾಗಿಸಿದಳು. ಅಯ್ಯೋ ಪಾಪ ಎಂದು ಮಡಿಲಲ್ಲಿ ಹಾಕಿಕೊಂಡು ಮನೆಗೆ ತಂದು ಅರಿಶಿನ ಹಚ್ಚಿದಳು. ಅದು ಹಿತ್ತಲಲ್ಲೇ ಉಳಿಯಿತು. ಶುಕ್ರವಾರ ಹೊಸಿಲಿನ ಜೊತೆ ಅದಕ್ಕೂ ಕುಂಕುಮ. ಸಾಕುವುದು ತಪ್ಪೆಂದು ನಮಗೆ ಗೊತ್ತಿರಲಿಲ್ಲ, ಮನೆಗೆ ಒಳ್ಳೆಯದೆಂದಷ್ಟೇ ಗೊತ್ತಿತ್ತು.

ಕೂದಲು ತೆಗೆದುಕೊಂಡು ಪಾತ್ರೆ ಕೊಡುವವನೊಬ್ಬ ಸೈಕಲ್ಲಿನಲ್ಲಿ ಬರುತ್ತಿದ್ದ. ಹೆಂಗಸರು ಬಾಚಣಿಗೆಗೆ ಬಂದ ಕೂದಲನ್ನು ಉಂಡೆ ಕಟ್ಟಿ ಹೆಂಚಿನ ಸಂದಿಯಲ್ಲಿ ಸಿಕ್ಕಿಸಿಡುತ್ತಿದ್ದದ್ದು ಅವನಿಗಾಗಿ. ಒಂದು ಮಧ್ಯಾಹ್ನ ಅವ್ವ ಹೊಗೆಸೊಪ್ಪು ಮುರಿಯಲು ಹೋಗಿದ್ದಾಗ ಅವನು ಬಂದ. ಸೈಕಲ್ಲಿಗೆ ಕಟ್ಟಿದ್ದ ನೀಲಿ ಪ್ಲಾಸ್ಟಿಕ್ ಬಿಂದಿಗೆ ಬಿಸಿಲಲ್ಲಿ ಹೊಳೆಯುತ್ತಿತ್ತು. ಅಷ್ಟು ನೀಲಿಯನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಉಂಡೆಗಳನ್ನೆಲ್ಲ ಕಿತ್ತು ಅವನ ಮುಂದೆ ಸುರಿದೆ.

"ಇಷ್ಟ್ ಕೂದ್ಲಿಗೆ ಬಿಂದ್ಗೆ ಬರಾಕಿಲ್ಲ ಕಣವ್ವ" ಎಂದವನ ಕಣ್ಣು ಹಿತ್ತಲಿಗೆ ಹೋಯಿತು. "ಆ ಆಮೆ ಕೊಟ್ಬುಡು, ತಕೋ."

ಕೊಟ್ಟುಬಿಟ್ಟೆ. ಅವನು ಅದನ್ನು ಕೂದಲಿನ ಚೀಲದೊಳಗೇ ಇಳಿಸಿದ. ಸಂಜೆ ಅವ್ವನಿಗೆ, ಆಮೆ ಎಲ್ಲೋ ನಡೆದುಕೊಂಡು ಹೋಯಿತು ಎಂದೆ. ಅವಳು ಬೇಲಿಯುದ್ದಕ್ಕೂ ಬಗ್ಗಿ ಬಗ್ಗಿ ಹುಡುಕಿದಳು. ಕೊನೆಗೆ ಬಿಂದಿಗೆ ನೋಡಿ, "ಕೂದ್ಲು ಅಷ್ಟೊಂದಿತ್ತಾ?" ಎಂದಳು. ನಾನು ಹೂಂ ಅಂದೆ. ಅವಳು ಮತ್ತೆ ಕೇಳಲಿಲ್ಲ.

ಕಳೆದ ವರ್ಷ ದುಡ್ಡು ಕೊಡುವ ಸಂಸ್ಥೆಯಿಂದ ಒಬ್ಬ ಹೆಂಗಸು ಬಂದರು. ಬೇಲಿ ಉಳಿಯುವುದೂ ನನ್ನ ಕೆಲಸ ಉಳಿಯುವುದೂ ಅವರ ವರದಿಯ ಮೇಲೆ ನಿಂತಿತ್ತು. ಆಮೆಗಳು ಊರಿನಿಂದ ಹೇಗೆ ಹೊರಗೆ ಹೋಗುತ್ತವೆ, ಅದನ್ನು ಊರಿನವರ ಬಾಯಲ್ಲೇ ಕೇಳಬೇಕು ಎಂದರು. ನಮ್ಮ ಅರಣ್ಯ ಇಲಾಖೆಯ ಸಾಹೇಬರು ಅವರನ್ನು ನನ್ನ ಊರಿಗೇ ಕರೆದೊಯ್ಯಲು ಹೇಳಿದರು. ಅವ್ವ ಜಗಲಿಯ ಮೇಲೆ ಚಾಪೆ ಹಾಸಿದಳು. ಇಂಗ್ಲಿಷಿನಲ್ಲಿ ಬಂದ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದೆ: ಈ ಊರಿನಿಂದ ಯಾರಾದರೂ ಆಮೆ ಕೊಟ್ಟದ್ದುಂಟೇ?

ಇಲ್ಲ ಅನ್ನುತ್ತಾಳೆ ಎಂದುಕೊಂಡಿದ್ದೆ. ಅವ್ವ ಹಿತ್ತಲ ಕಡೆ ನೋಡಿದಳು. ಬಾಯೊಡೆದ ಅದೇ ನೀಲಿ ಬಿಂದಿಗೆಯಲ್ಲಿ ದೊಡ್ಡಪತ್ರೆ ಬೆಳೆದಿತ್ತು.

"ನಾನೇ ಕೊಟ್ಟೆ. ಒಂದ್ ಬಿಂದ್ಗೆ ಆಸೆಗೆ. ಯೋಳು ಅವ್ರಿಗೆ."

ಇಷ್ಟು ವರ್ಷ ಅವಳಿಗೆ ಗೊತ್ತಿತ್ತು. ಅವಳಂದದ್ದನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿದರೆ ಸಾಕು, ನಾನು ಬಚಾವು. ಆಮೆ ಕಾಯುವವಳೇ ಆಮೆ ಕೊಟ್ಟವಳೆಂದು ಬರೆದುಕೊಂಡರೆ ಕೆಲಸ ಹೋದೀತು. ನಾಚಿಕೆಗಿಂತ ಅವಳ ಮೇಲೆ ಸಿಟ್ಟೇ ಮೊದಲು ಬಂತು. ಯಾರು ಕೇಳಿದ್ದರು ಇವಳನ್ನು, ನನ್ನ ತಪ್ಪು ಹೊರಲು?

ಕೊಟ್ಟದ್ದು ನಾನು, ಅವ್ವ ಆಗ ಹೊಲದಲ್ಲಿದ್ದಳು ಎಂದು ಆ ಹೆಂಗಸಿಗೆ ಹೇಳಿದೆ. ಕೂದಲಿನ ಉಂಡೆ, ಸೈಕಲ್ಲು, ಚೀಲ ಎಲ್ಲವನ್ನೂ ಹೇಳಿದೆ. ಅವರು ಒಮ್ಮೆ ಪೆನ್ನು ನಿಲ್ಲಿಸಿ, ನನ್ನ ಮುಖ ನೋಡಿ, ಮತ್ತೆ ಬರೆಯತೊಡಗಿದರು. ಏನು ಬರೆದುಕೊಂಡರೋ ಆಗ ತಿಳಿಯಲಿಲ್ಲ; ಬೇಲಿಯೂ ನನ್ನ ಕೆಲಸವೂ ಉಳಿದದ್ದು ಆಮೇಲಿನ ಮಾತು.

"ಏನ್ ಅಷ್ಟುದ್ದ ಯೋಳ್ದೆ?" ಎಂದಳು ಅವ್ವ.

"ನೀನಂದಿದ್ದೇ ಯೋಳ್ದೆ ಕಣವ್ವ."

"ಸುಳ್ಳ್ ಯೋಳ್ಬ್ಯಾಡ. ಅವತ್ತೂ ಇಂಗೇ ಮಕ ಮಾಡ್ಕಂಡಿದ್ದೆ" ಎಂದು ಅವಳು ಕಾಫಿಗೆ ನೀರಿಡಲು ಎದ್ದು ಹೋದಳು.